ಐದು ಮಾತ್ರೆಯ ಮೂರು ಊರು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೂ ಗಣಕಯಂತ್ರದ ಭಾಷೆಗೂ ಏನು ನಂಟು ಎಂದು ವಾಚಕರು ಹುಬ್ಬೇರಿಸಿದರೆ ಅದು ಸಹಜವೇ. ನನ್ನ ಸಹೋದ್ಯೋಗಿಗಳೂ ಹುಬ್ಬೇರಿಸಿದ್ದರು. ಷಟ್ಪದಿಗೆ ಪ್ರಸ್ತಾರ ಹಾಕಿಸುವುದು, ಕಂದಪದ್ಯದ ಗಣ ಬಿಡಿಸುವುದು, ಉತ್ತರಪತ್ರಿಕೆಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ವ್ಯಾಜ್ಯ ತೀರಿಸುವುದು, ಇಷ್ಟರಲ್ಲಿ ನನ್ನ ಹಗಲು ಮುಗಿದುಹೋಗುತ್ತದೆ. ರಾತ್ರಿಗೆ ಉಳಿಯುವುದು ಊಟ, ನಿದ್ದೆ ಮತ್ತು ಬಳ್ಳಾರಿಯ ಸೆಕೆ. ಆದರೂ ಕಳೆದ ವರ್ಷ ಆರು ತಿಂಗಳ ಕಾಲ ನಾನು ಲಿಸ್ಪ್ ಎಂಬ ಗಣಕಭಾಷೆಯ ದೋಷಗಳ ನೆರೆಯಲ್ಲಿ ಬದುಕಿದೆ. ಅದಕ್ಕೆ ಕಾರಣ ನನ್ನ ಸೋದರಳಿಯ.

ಅಕ್ಕನನ್ನು ಕೊಟ್ಟ ಊರು ಸಿರುಗುಪ್ಪ. ತುಂಗಭದ್ರೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ, ಇವುಗಳಿಂದ ಹೆಸರಾದ ಸೀಮೆ. ಭಾವ ಒಕ್ಕಲುತನದವರು. ಮಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಹಿಡಿದಾಗ ಅವರು ಬೀದಿಗೆಲ್ಲ ಪೇಡೆ ಹಂಚಿದ್ದರು. ಎರಡು ವರ್ಷ ಎಲ್ಲವೂ ಸುಸೂತ್ರವಾಗಿಯೇ ನಡೆಯಿತು. ಒಂದು ರಾತ್ರಿ ಆ ಕಂಪನಿಯ ವ್ಯವಸ್ಥೆಯೊಂದು ಕೆಲವು ಗಂಟೆ ಸ್ತಬ್ಧವಾಯಿತಂತೆ. ಆ ಕೆಲಸ ಐದಾರು ಮಂದಿಯ ಕೈ ದಾಟಿ ಬಂದದ್ದು. ಐದಾರು ಮಂದಿಯೂ ನೋಡಿ ಒಪ್ಪಿದ್ದು. ಆದರೆ ಕಾಗದದಲ್ಲಿ ಒಂದು ಹೆಸರು ಬೇಕಿತ್ತು, ಎಲ್ಲರಿಗಿಂತ ಕಿರಿಯವನ ಹೆಸರು ಅದಕ್ಕೆ ಸುಲಭವಾಗಿ ಒದಗಿತು. ರಾಜೀನಾಮೆ ಬರೆದುಕೊಟ್ಟು ಹುಡುಗ ಊರಿಗೆ ಬಂದ. ಹದಿನೈದು ದಿನದಲ್ಲಿ ಅಲ್ಲಿಂದ ನಮ್ಮ ಮನೆಗೆ ಬಂದ. “ಅಪ್ಪನ ಎದುರಿಗೆ ಕೂತು ಉಣ್ಣೋದಕ್ಕೆ ಆಗ್ತಾ ಇಲ್ಲ, ಮಾವ” ಎಂದಷ್ಟೇ ಹೇಳಿದ. ನಾನು ಹೆಚ್ಚು ಕೇಳಲಿಲ್ಲ. ಮಹಡಿಯ ಕೋಣೆಯನ್ನು ಬಿಡಿಸಿಕೊಟ್ಟೆ.

ಹೊಸ ಕೆಲಸಕ್ಕೆ ಅರ್ಜಿ ಹಾಕುತ್ತಾನೆಂದು ನಾವೆಲ್ಲ ಭಾವಿಸಿದ್ದೆವು. ಆತ ಮಾಡಿದ್ದೇ ಬೇರೆ. ಕಾಲೇಜಿನ ದಿನಗಳಲ್ಲಿ ಆರಂಭಿಸಿ ಅರ್ಧಕ್ಕೆ ಬಿಟ್ಟಿದ್ದ ಒಂದು ಪುಟ್ಟ ಲಿಸ್ಪ್ ಯಂತ್ರವನ್ನು, ಎಂದರೆ ಆ ಭಾಷೆಯಲ್ಲಿ ಬರೆದದ್ದನ್ನು ಓದಿ ಅರ್ಥಮಾಡಿಕೊಂಡು ನಡೆಸುವ ಕ್ರಮವಿಧಿಯನ್ನು, ಹೊರತೆಗೆದು ಅದರ ದೋಷಗಳನ್ನು ತಿದ್ದತೊಡಗಿದ. ಯಾರೂ ಕೇಳಿದ್ದಲ್ಲ, ಯಾರೂ ಕಾಸು ಕೊಡುವುದಿಲ್ಲ. ವಾರಕ್ಕೊಮ್ಮೆ ಭಾವನ ಫೋನು ಬರುತ್ತಿತ್ತು. “ಏನ್ ಮಾಡಕತ್ಯಾನಪ್ಪ ನಿನ್ನ ಅಳಿಯ?” “ಬಗ್ ಹುಡುಕುತ್ತಿದ್ದಾನೆ, ಭಾವ. ಹಾಗೆಂದರೆ ಹುಳ.” ಆ ಕಡೆ ಸ್ವಲ್ಪ ಹೊತ್ತು ಮೌನ. “ನಮ್ಮ ಗದ್ದಿಗೂ ಕಂದು ಜಿಗಿಹುಳ ಬಿದ್ದೈತಿ. ಇಲ್ಲಿ ಬಂದು ಹುಡುಕು ಅನ್ನು.”

ಯಂತ್ರದ ದೋಷಕ್ಕೆ ಹುಳುವಿನ ಹೆಸರು ಬಂದದ್ದು ಗಣಕಯಂತ್ರಕ್ಕಿಂತ ಹಳೆಯ ಸಂಗತಿ. 1947ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಯಂತ್ರದೊಳಗೆ ನಿಜವಾದ ಪತಂಗವೇ ಸಿಕ್ಕಿ, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರಂತೆ. ಹೆಸರು ಮೊದಲೇ ಇತ್ತು. ಹುಳು ಆಮೇಲೆ ಬಂದು ಅದನ್ನು ಸಾರ್ಥಕಗೊಳಿಸಿತು.

ಇನ್ನು ಲಿಸ್ಪ್ ಎಂದರೇನು? ಜಾನ್ ಮೆಕಾರ್ಥಿ ಎಂಬ ಗಣಿತಜ್ಞ 1958ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರೂಪಿಸತೊಡಗಿದ ಭಾಷೆ ಅದು. ಅದರಲ್ಲಿ ಎಲ್ಲವೂ ಪಟ್ಟಿ. ಲೆಕ್ಕವೂ ಪಟ್ಟಿ, ಮಾತೂ ಪಟ್ಟಿ, ಆ ಭಾಷೆಯಲ್ಲಿ ಬರೆದ ಕ್ರಮವಿಧಿಯೂ ಪಟ್ಟಿ. ಎರಡನ್ನೂ ಮೂರನ್ನೂ ಕೂಡಿಸು ಎನ್ನುವುದಕ್ಕೆ (+ 2 3) ಎಂದು ಬರೆಯಬೇಕು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುತ್ತದೆ. ಲಿಸ್ಪಿನಲ್ಲಿ ಅದೇ ಮೊದಲು ಬಂದು ಬಾಗಿಲು ತೆರೆಯುತ್ತದೆ. ಒಂದು ಪಟ್ಟಿಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗಾಗಿ ಪುಟದ ತುಂಬ ಕಂಸಗಳು. ಸೋದರಮಾವನಾದ ನಾನು ಆ ಹೆಸರಿಗೆ ಸ್ವಲ್ಪ ಮುಜುಗರಪಟ್ಟುಕೊಂಡೇ ಪಾಠ ಕಲಿತೆ.

ಮೆಕಾರ್ಥಿ ಆ ಭಾಷೆಯ ಅರ್ಥವನ್ನೆಲ್ಲ ವಿವರಿಸುವ ಒಂದು ಸೂತ್ರವನ್ನು ಅದೇ ಭಾಷೆಯಲ್ಲಿ ಕಾಗದದ ಮೇಲೆ ಬರೆದಿದ್ದ. ಅದು ಓದುವುದಕ್ಕಾಗಿ ಬರೆದದ್ದು, ಓಡಿಸುವುದಕ್ಕಲ್ಲ. ಸ್ಟೀವ್ ರಸೆಲ್ ಎಂಬ ತರುಣ ಅದನ್ನು ಐಬಿಎಂ 704 ಯಂತ್ರಕ್ಕೆ ಅಳವಡಿಸುತ್ತೇನೆಂದಾಗ, ನೀನು ಸಿದ್ಧಾಂತವನ್ನೂ ಪ್ರಯೋಗವನ್ನೂ ಬೆರೆಸಿಬಿಡುತ್ತಿದ್ದೀಯೆ ಎಂದು ಮೆಕಾರ್ಥಿ ನಕ್ಕನಂತೆ. ರಸೆಲ್ ಅಳವಡಿಸಿಯೇಬಿಟ್ಟ. ಲಿಸ್ಪಿಗೆ ಜೀವ ಬಂದದ್ದು ಹೀಗೆ. ಹುಳುಗಳು ಬಂದದ್ದೂ ಹೀಗೆಯೇ. ಕಾಗದದ ಮೇಲಿರುವ ಸೂತ್ರಕ್ಕೆ ಯಾವ ಹುಳುವೂ ಕಾಣಿಸಿಕೊಳ್ಳುವುದಿಲ್ಲ. ಗದ್ದೆಗೆ ಇಳಿದ ಪೈರಿಗೆ ಮಾತ್ರ ಆ ಯೋಗ.

ಹುಡುಗ ಇಡೀ ದಿನ ಒಬ್ಬನೇ ಕೂತಿರುವುದನ್ನು ನೋಡಲಾರದೆ ಒಂದು ಸಂಜೆ ನಾನೊಂದು ಕೆಲಸ ಒಪ್ಪಿಸಿದೆ. “ನಿನ್ನ ಯಂತ್ರ ಪ್ರಸ್ತಾರ ಹಾಕುತ್ತದೆಯೇ? ಪದ್ಯ ಕೊಟ್ಟರೆ ಲಘು ಗುರು ಗುರುತಿಸಿ ಮಾತ್ರೆ ಎಣಿಸಿ ಕೊಡಬೇಕು. ನಮ್ಮ ವಿದ್ಯಾರ್ಥಿಗಳಿಗೆ ಉಪಕಾರವಾಗುತ್ತದೆ.” ಆತನ ಕಣ್ಣಿನಲ್ಲಿ ಬಹಳ ದಿನಗಳ ಮೇಲೆ ಒಂದು ಮಿಂಚು ಕಂಡಿತು. ಮೊದಲು ಅಕ್ಷರ ಎಣಿಸಲು ಬರುತ್ತದೆಯೇ ನೋಡೋಣವೆಂದು ಮೂರು ಊರುಗಳ ಹೆಸರು ಕೊಟ್ಟೆವು: ಬಳ್ಳಾರಿ, ಸಿರುಗುಪ್ಪ, ಕುರುಗೋಡು.

ಯಂತ್ರ ಗಂಭೀರವಾಗಿ ಉತ್ತರಿಸಿತು: 21, 27, 24.

ನಾನು ನಕ್ಕೆ. ಅಳಿಯ ನಗಲಿಲ್ಲ; ತಲೆ ತೂಗಿದ. ಗಣಕದ ಸ್ಮೃತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಮೂರು ಮನೆ ಬೇಕಾಗುತ್ತದೆ; ಯಂತ್ರ ಅಕ್ಷರವನ್ನು ಎಣಿಸದೆ ಮನೆಗಳನ್ನು ಎಣಿಸಿತ್ತು. ಅದನ್ನು ತಿದ್ದಿದ. ಈಗ ಬಂದದ್ದು 7, 9, 8. ಇದೂ ತಪ್ಪೆಂದೆ. “ಇದು ತಪ್ಪಲ್ಲ, ಮಾವ. 1991ರಲ್ಲಿ ಬಂದ ಯೂನಿಕೋಡಿನ ಲೆಕ್ಕ ಇದು. ಬ ಒಂದು, ಳ ಒಂದು, ಹಲಂತದ ಗುರುತು ಒಂದು, ಮತ್ತೆ ಳ, ದೀರ್ಘ, ರ, ಗುಡಿಸು. ಒಟ್ಟು ಏಳು.” ನಮ್ಮ ವ್ಯಾಕರಣದ ಪ್ರಕಾರ ಬಳ್ಳಾರಿಗೆ ಮೂರೇ ಅಕ್ಷರ, ಸಿರುಗುಪ್ಪಕ್ಕೂ ಕುರುಗೋಡಿಗೂ ನಾಲ್ಕು ನಾಲ್ಕು. ಒತ್ತಕ್ಷರವನ್ನು ಒಂದಾಗಿ ಹಿಡಿಯುವ ನಿಯಮವನ್ನು ಅವನಿಗೆ ಹೇಳಿಕೊಟ್ಟೆ. ಮೂರನೆಯ ಉತ್ತರ ಬಂತು: 3, 4, 4. ಆಮೇಲೆ ಛಂದಸ್ಸಿನ ನಿಯಮ ಹೇಳಿದೆ. ಹ್ರಸ್ವ ಒಂದು ಮಾತ್ರೆ, ದೀರ್ಘ ಎರಡು, ಒತ್ತಕ್ಷರದ ಹಿಂದಿನದು ಗುರು. ಯಂತ್ರ ನಾಲ್ಕನೆಯ ಸಲ ಎಣಿಸಿತು.

5, 5, 5.

ಹದಿಮೂರು ವರ್ಷದಿಂದ ಛಂದಸ್ಸು ಪಾಠ ಹೇಳುತ್ತಿದ್ದೇನೆ. ಈ ಮೂರೂ ಊರುಗಳ ನಡುವೆಯೇ ಬಸ್ಸಿನಲ್ಲಿ ತೂಕಡಿಸಿದ್ದೇನೆ. ಮೂರೂ ಐದು ಮಾತ್ರೆಯ ಗಣಗಳೆಂದು ಅಂದಿನವರೆಗೆ ಹೊಳೆದಿರಲಿಲ್ಲ. ಒಂದೇ ಹೆಸರಿಗೆ ನಾಲ್ಕು ಲೆಕ್ಕ. ನಾಲ್ಕೂ ತಮ್ಮ ತಮ್ಮ ನೆಲೆಯಲ್ಲಿ ಸರಿ. ಯಂತ್ರ ಎಣಿಕೆಯಲ್ಲಿ ಎಲ್ಲೂ ಎಡವಿರಲಿಲ್ಲ. ಒಂದು ಪ್ರಶ್ನೆ ಕೇಳಿದರೆ ಇನ್ನೊಂದಕ್ಕೆ ಉತ್ತರ ಕೊಟ್ಟಿತ್ತು. ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಸೊನ್ನೆ ಹಾಕುವುದು ನಮ್ಮ ಪದ್ಧತಿ. ಆ ದಿನದಿಂದ ಹಾಗೆ ಹಾಕುವ ಮುನ್ನ ಪೆನ್ನು ಒಂದು ಕ್ಷಣ ತಡೆಯುತ್ತದೆ.

ಮುಂದಿನ ಹುಳು ಕುರುಗೋಡಿನದು. ವಿದ್ಯಾರ್ಥಿಗಳು ಸುತ್ತಲಿನ ಊರುಗಳ ಹೆಸರುಗಳನ್ನು ಪಟ್ಟಿಮಾಡಿ ತಂದಿದ್ದರು. ಪಟ್ಟಿಯಲ್ಲಿ ಕುರುಗೋಡು ಕಣ್ಣಿಗೆ ಹೊಡೆಯುವಂತೆ ಇದೆ. ಯಂತ್ರವನ್ನು ಕೇಳಿದರೆ ಇಲ್ಲವೆನ್ನುತ್ತದೆ. ದೊಡ್ಡಬಸವೇಶ್ವರನ ಊರು, ಸಿಂದರು ಆಳಿದ ಊರು, ಕಲ್ಲುಬೆಟ್ಟಗಳ ನಡುವೆ ಭದ್ರವಾಗಿ ಕೂತ ಊರು, ಅದನ್ನೇ ಇಲ್ಲವೆನ್ನುವುದೇ! ಎರಡು ಸಂಜೆ ಹುಡುಕಿದ ಮೇಲೆ ಗುಟ್ಟು ತಿಳಿಯಿತು. ‘ಗೋ’ ಎಂಬ ಅಕ್ಷರದ ಓಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವದ ಗುರುತು, ಊತ್ವದ ಗುರುತು, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಒಂದು ಕುರುಗೋಡಿನಲ್ಲಿ ಎಂಟು ಸಂಕೇತ, ಇನ್ನೊಂದರಲ್ಲಿ ಹತ್ತು. ಎಂಟರ ಕುರುಗೋಡಿನವರು ಹತ್ತರ ಕುರುಗೋಡಿನವರನ್ನು ಗುರುತಿಸುವುದೇ ಇಲ್ಲ! ಪರಿಹಾರ ಸರಳ: ಹೋಲಿಸುವ ಮುನ್ನ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಜನಗಣತಿಯವರಿಗೂ ನ್ಯಾಯಾಧೀಶರಿಗೂ ಹೇಳಬೇಕಾದ ಬುದ್ಧಿವಾದವೇ ಅದು.

ಲಿಸ್ಪಿನ ಹುಳುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಇನ್ನೂ ಹಿರಿದು. ಅದನ್ನು ನಾನು ತರಗತಿಯಲ್ಲಿಯೂ ಹೇಳುತ್ತೇನೆ. ಸಿರುಗುಪ್ಪದ ಒಬ್ಬರು, “ಮಾವನಿಗೆ ಎರಡು ಚೀಲ ಅಕ್ಕಿ ಕೊಡು” ಎಂದು ಚೀಟಿ ಬರೆದು ಕುರುಗೋಡಿನ ಅಂಗಡಿಗೆ ಕಳಿಸಿದರೆನ್ನಿ. ಅಂಗಡಿಯವನಿಗೂ ಒಬ್ಬ ಮಾವನಿದ್ದಾನೆ. ಅಕ್ಕಿ ಯಾರ ಮಾವನಿಗೆ? ಬರೆದವರ ಮಾವನಿಗೆ ಎಂದು ನೀವು ಹೇಳುವಿರಿ. ಆದರೆ ಮೊದಲ ಲಿಸ್ಪ್ ಯಂತ್ರ ಅಂಗಡಿಯವನ ಮಾವನಿಗೆ ಅಕ್ಕಿ ಅಳೆದುಬಿಡುತ್ತಿತ್ತು. ಒಂದು ಹೆಸರಿನ ಅರ್ಥವನ್ನು ಅದು ಬರೆದ ಜಾಗದಲ್ಲಿ ಹುಡುಕದೆ ಓದಿದ ಜಾಗದಲ್ಲಿ ಹುಡುಕುತ್ತಿತ್ತು. ಜೇಮ್ಸ್ ಸ್ಲೇಗಲ್ ಎಂಬಾತ ತನ್ನ ಲೆಕ್ಕ ತಪ್ಪಿ ಬರುತ್ತಿದೆಯೆಂದು ದೂರು ತಂದಾಗ ಮೆಕಾರ್ಥಿಗೆ ಅದರ ಆಳ ಕೂಡಲೇ ತಿಳಿಯಲಿಲ್ಲ. ಯಾವುದೋ ಚಿಕ್ಕ ಹುಳು, ರಸೆಲ್ ಬೇಗನೆ ತೆಗೆದುಹಾಕುತ್ತಾನೆ ಎಂದು ನಂಬಿದ್ದನೆಂದು ತಾನೇ 1978ರಲ್ಲಿ ಲಿಸ್ಪಿನ ಚರಿತ್ರೆ ಹೇಳುವಾಗ ಒಪ್ಪಿಕೊಂಡಿದ್ದಾನೆ. ರಸೆಲ್ ಒಂದು ಉಪಾಯ ಹೂಡಿದ್ದೂ ನಿಜ: ಚೀಟಿಯ ಜೊತೆಗೆ ಬರೆದವರ ಮನೆಯ ವಿವರವನ್ನೂ ಕಟ್ಟಿ ಕಳಿಸುವುದು. 1975ರಲ್ಲಿ ಸಸ್‌ಮನ್ ಮತ್ತು ಸ್ಟೀಲ್ ಎಂಬವರು ರಚಿಸಿದ ಸ್ಕೀಮ್ ಎಂಬ ಲಿಸ್ಪಿನಲ್ಲಿ, ಬರೆದ ಜಾಗದ ಅರ್ಥವೇ ನಿಯಮವಾಯಿತು. ಈಮ್ಯಾಕ್ಸ್ ಎಂಬ ಹೆಸರಾಂತ ಬರವಣಿಗೆಯ ತಂತ್ರಾಂಶದೊಳಗಿನ ಲಿಸ್ಪಿಗೆ ಆ ಸೌಕರ್ಯ ಬಂದದ್ದು 2012ರಲ್ಲಿ. ಚಿಕ್ಕ ಹುಳುವೆಂದು ಬಗೆದದ್ದು ಅರ್ಧ ಶತಮಾನದ ಜಿಜ್ಞಾಸೆಯಾಯಿತು.

ಒಬ್ಬನ ಮಾತನ್ನು ಅವನ ಊರಿನಿಂದ ಕಿತ್ತು ತಂದು ನಮ್ಮ ಊರಿನ ಅರ್ಥ ತುಂಬುವ ಈ ರೋಗ ಯಂತ್ರಕ್ಕೆ ಮಾತ್ರ ಉಂಟೆಂದು ಹೇಳುವ ಧೈರ್ಯ ನನಗಿಲ್ಲ. ಹಳಗನ್ನಡ ಕಾವ್ಯಕ್ಕೆ ಇಂದಿನ ಅರ್ಥ ಹಚ್ಚುವ ವಿಮರ್ಶಕರನ್ನು ಬಲ್ಲೆ. ಬೆಂಗಳೂರಿನಲ್ಲಿ ಬರೆದ ರಾಜೀನಾಮೆಯನ್ನು ಸಿರುಗುಪ್ಪದ ಕಟ್ಟೆಯ ಮೇಲೆ ಕೂತು ಓದಿದವರನ್ನೂ ಬಲ್ಲೆ.

ಒಂದು ಭಾನುವಾರ ಅಳಿಯನನ್ನು ಎಬ್ಬಿಸಿಕೊಂಡು ಬಳ್ಳಾರಿ ಗುಡ್ಡ ಹತ್ತಿದೆ. ಮೇಲುಕೋಟೆಯ ಬಿರುಕಿನ ನೆರಳಲ್ಲಿ ಕೂತು, ಈ ಊರಿನ ಮಕ್ಕಳೆಲ್ಲ ಕೇಳಿ ಬೆಳೆಯುವ ಐತಿಹ್ಯವನ್ನು ಹೇಳಿದೆ. ಹೈದರಾಲಿ ಈ ಕೋಟೆಯನ್ನು ಫ್ರೆಂಚ್ ಇಂಜಿನಿಯರೊಬ್ಬನಿಂದ ಭದ್ರಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ. ಅಲ್ಲಿ ಫಿರಂಗಿ ಏರಿಸಿದರೆ ಕೋಟೆ ಕೈತಪ್ಪಿದಂತೆಯೇ. ಕೋಪಗೊಂಡ ಹೈದರ್ ಇಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಅಳಿಯ ಕುಂಬಾರ ಗುಡ್ಡವನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ: “ಗಲ್ಲಿಗೇರಿಸಿದ ಮೇಲೆ ಕೋಟೆ ಎತ್ತರವಾಯಿತೇನು, ಮಾವ?”

ನನ್ನ ಬಳಿ ಉತ್ತರವಿರಲಿಲ್ಲ. ಆ ಗುಡ್ಡವನ್ನು ಇಂಜಿನಿಯರನೊಬ್ಬನೇ ಅಲ್ಲ, ಹೈದರನೂ ನೋಡಿದ್ದಿರಬೇಕು. ಕಲ್ಲು ಹೊತ್ತವರೂ ನೋಡಿದ್ದಿರಬೇಕು. ಆ ದಿನ ಇಳಿಯುವ ದಾರಿಯಲ್ಲಿ ಹುಡುಗ ಮೊದಲ ಬಾರಿಗೆ ಬೆಂಗಳೂರಿನ ಕಥೆಯನ್ನು ಪೂರ್ತಿಯಾಗಿ ಹೇಳಿದ.

ಕೊನೆಯ ಹುಳು ಎಲ್ಲಕ್ಕಿಂತ ಕಠಿಣವಾಗಿತ್ತು. ಪ್ರಸ್ತಾರ ಈಗ ಸರಿಯಾಗಿಯೇ ಬರುತ್ತಿತ್ತು. ಆದರೆ ಸಾವಿರ ಸಾಲಿಗೊಮ್ಮೆ ಯಾವುದೋ ಒಂದು ಪದ್ಯದೊಳಗೆ ಇನ್ನೊಂದು ಪದ್ಯದ ತುಣುಕು ಬಂದು ಸೇರುತ್ತಿತ್ತು. ಮತ್ತೆ ಓಡಿಸಿದರೆ ಇಲ್ಲ. ಕಳ್ಳನ ಹೆಜ್ಜೆಯೂ ಇಲ್ಲ, ನೆರಳೂ ಇಲ್ಲ. ಇದನ್ನು ಅರಿಯಬೇಕಾದರೆ ಲಿಸ್ಪಿನ ಇನ್ನೊಂದು ವ್ಯವಸ್ಥೆಯನ್ನು ತಿಳಿಯಬೇಕು. ಯಂತ್ರದ ಸ್ಮೃತಿ ಒಂದು ಕಣವಿದ್ದಂತೆ. ಕೆಲಸ ನಡೆದಂತೆಲ್ಲ ಅಲ್ಲಿ ಬಳಸಿ ಬಿಟ್ಟ ಪಟ್ಟಿಗಳು ಹುಲ್ಲಿನಂತೆ ರಾಶಿಯಾಗುತ್ತವೆ. ಜಾಗ ಸಾಲದಾದಾಗ ಯಂತ್ರವೇ ಕೆಲಸ ನಿಲ್ಲಿಸಿ ಕಣ ಗುಡಿಸುತ್ತದೆ. ಯಾವುದು ಕಾಳು, ಯಾವುದು ಹುಲ್ಲು? ಹೆಸರಿರುವ ವಸ್ತುಗಳಿಂದ ಹೊರಟು, ಅವು ಕೈಹಿಡಿದಿರುವುವನ್ನೂ, ಅವುಗಳ ಕೈಹಿಡಿದಿರುವುವನ್ನೂ ಗುರುತುಮಾಡುತ್ತ ಹೋಗುವುದು. ಗುರುತು ಬೀಳದೆ ಉಳಿದದ್ದೆಲ್ಲ ಕಸ. ಮೆಕಾರ್ಥಿಯ 1960ರ ಲೇಖನದಲ್ಲಿಯೇ ಈ ಉಪಾಯವಿದೆ.

ಅಪರೂಪಕ್ಕೆ ಕಾಣುವ ದೋಷವನ್ನು ಹಿಡಿಯಲು ಅದನ್ನು ಪದೇ ಪದೇ ಕಾಣುವಂತೆ ಮಾಡಬೇಕೆಂದ ಅಳಿಯ. ಜಾಗ ಮುಗಿದಾಗ ಗುಡಿಸುವ ಬದಲು ಒಂದೊಂದು ಕಾಳು ಬಿದ್ದಾಗಲೂ ಕಣ ಗುಡಿಸುವಂತೆ ಯಂತ್ರವನ್ನು ಒತ್ತಾಯಿಸಿದ. ಅದು ಎತ್ತಿನಗಾಡಿಯ ವೇಗಕ್ಕೆ ಇಳಿಯಿತು; ಆದರೆ ಸಾವಿರಕ್ಕೊಮ್ಮೆ ಬರುತ್ತಿದ್ದ ತಪ್ಪು ಮೊದಲ ಸಾಲಿನಲ್ಲಿಯೇ ಬಂದು ನಿಂತಿತು. ಎರಡು ಮಾತುಗಳನ್ನು ಜೋಡಿಸುವ ಒಂದು ಕಡೆ, ಮೊದಲನೆಯದನ್ನು ಮಾಡಿಟ್ಟು ಎರಡನೆಯದಕ್ಕೆ ಯಂತ್ರ ಜಾಗ ಕೇಳುತ್ತಿತ್ತು. ಆ ಒಂದು ಕ್ಷಣ ಮೊದಲನೆಯದಕ್ಕೆ ಹೆಸರಿಲ್ಲ, ಅದರ ಕೈಹಿಡಿದವರಿಲ್ಲ. ಸರಿಯಾಗಿ ಆ ಕ್ಷಣಕ್ಕೇ ಪೊರಕೆ ಬಂದರೆ ತೊಟ್ಟಿಲ ಶಾಸ್ತ್ರವಾಗದ ಮಗು ಕಸದೊಡನೆ ಹೋಯಿತು. ಖಾಲಿಯಾದ ಜಾಗದಲ್ಲಿ ಇನ್ನೊಂದು ಪದ್ಯ ಬಂದು ಮಲಗಿತು. ತಿದ್ದಿದ್ದು ಎರಡೇ ಸಾಲು: ಎರಡನೆಯದನ್ನು ಕೇಳುವ ಮುನ್ನ ಮೊದಲನೆಯದರ ಕೈ ಹಿಡಿ. ಹುಡುಕಿದ್ದು ಇಪ್ಪತ್ತಮೂರು ದಿನ.

ರಾತ್ರಿ ಒಂದು ಗಂಟೆಗೆ ಮಹಡಿಯಿಂದ ಇಳಿದು ಬಂದು ನನ್ನನ್ನು ಎಬ್ಬಿಸಿ ಅಳಿಯ ಇದನ್ನೆಲ್ಲ ಹೇಳಿದ. ಕೊನೆಗೆ, “ಯಾರೂ ಹಿಡಿದುಕೊಂಡಿರದ ಒಂದು ಕ್ಷಣ ಸಾಕು, ಮಾವ” ಎಂದು ನಕ್ಕ. ಯಂತ್ರದ ಮಾತೋ ತನ್ನ ಮಾತೋ ಎಂದು ನಾನು ಕೇಳಲಿಲ್ಲ. ಹೆಂಡತಿಯನ್ನೆಬ್ಬಿಸಿ ಚಹಾ ಮಾಡಿಸಿದೆ.

ಆ ವಾರವೇ ಭಾವ ಒಂದು ಚೀಲ ಅಕ್ಕಿ ಹಾಕಿಕೊಂಡು ಬಳ್ಳಾರಿಗೆ ಬಂದರು. ಮಗನೊಡನೆ ಮಾತನಾಡುವುದಕ್ಕೆಂದೇ ಬಂದದ್ದೆಂದು ಮುಖವೇ ಹೇಳುತ್ತಿತ್ತು. ಊಟವಾದ ಮೇಲೆ ಹುಡುಗ, ಎರಡು ಸಾಲಿನ ಕಥೆಯನ್ನು ಅಪ್ಪನಿಗೆ ಕಣದ ಭಾಷೆಯಲ್ಲಿಯೇ ಹೇಳಿದ. ಆಮೇಲೆ ಬೆಂಗಳೂರಿನ ಕಥೆಯನ್ನೂ ಹೇಳಿದ. ಭಾವ ಎಲೆ ಅಡಿಕೆ ಮೆಲ್ಲುತ್ತ ಕೇಳಿದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದದ್ದು ವಾಚಕರಿಗೆ ನೆನಪಿರಬಹುದು. ಸಿರುಗುಪ್ಪದ ಪ್ರತಿ ಮನೆಯೂ ಆ ವಾರ ನಿದ್ದೆಗೆಟ್ಟಿತ್ತು. ಹರಿಯುವ ನೀರಿನ ರಭಸದಲ್ಲಿಯೇ ಉಕ್ಕಿನ ಸ್ಟಾಪ್‌ಲಾಗುಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ನೀರನ್ನು ತಡೆದರು.

ಭಾವ ಅದನ್ನೇ ಎತ್ತಿದರು. “ಗೇಟು ಕಿತ್ತುಹೋದ ದಿನ ಯಾರ ತಪ್ಪು ಅಂತ ಕೇಳಿಕೋಂತ ಕುಂತಿದ್ರ ಗದ್ದಿಗೆ ನೀರು ಉಳೀತಿತ್ತೇನಪ್ಪ? ಮೊದಲು ಹಲಗಿ ಇಳಿಸಬೇಕು. ಹಲಗಿ ಇಳಿಸೋದು ಕಲ್ತವನಿಗೆ ಕೆಲಸ ಸಿಗದೇ ಇರ್ತದೇನು?” ಮಗ ತಲೆ ತಗ್ಗಿಸಿ ಕೂತಿದ್ದ. ಭಾವ ತಮ್ಮ ತಾಂಬೂಲದ ಚೀಲವನ್ನು ನನ್ನ ಕಡೆ ತಳ್ಳಿ, “ನಾಳೆ ನಾನು ಹೋಗ್ತೀನಿ. ಇವನು ಮುಗಿಸೇ ಬರಲಿ” ಎಂದರು. ಆ ರಾತ್ರಿ ತಂದೆ ಮಗ ಒಂದೇ ಚಾಪೆಯ ಮೇಲೆ ಮಲಗಿದರು.

ಈಗ ಹುಡುಗ ಬೇರೊಂದು ಕಡೆ ಕೆಲಸದಲ್ಲಿದ್ದಾನೆ. ಸಂದರ್ಶನದಲ್ಲಿ ಆ ಇಪ್ಪತ್ತಮೂರು ದಿನಗಳ ಬಗ್ಗೆಯೇ ಕೇಳಿದರಂತೆ. ಪ್ರಸ್ತಾರದ ಯಂತ್ರ ನನ್ನ ತರಗತಿಯಲ್ಲಿದೆ. ಅದರ ದೋಷಗಳಿಗೆಂದು ಆತ ಒಂದು ರೂಲು ಹಾಕಿದ ಪುಸ್ತಕ ಇಟ್ಟುಹೋಗಿದ್ದಾನೆ. ದಿನಾಂಕ, ದೋಷ, ಕಂಡುಹಿಡಿದವರ ಹೆಸರು, ತಿದ್ದಿದ ಬಗೆ, ಹೀಗೆ ನಾಲ್ಕು ಕಾಲಂ. ದೋಷ ಮಾಡಿದವರ ಹೆಸರಿಗೆ ಕಾಲಂ ಇಲ್ಲ.

ಮೊನ್ನೆ ಕುರುಗೋಡಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಹಳಗನ್ನಡದ ಒಂದು ಪದ್ಯದೊಡನೆ ಬಂದು, ಯಂತ್ರ ಒಂದು ಮಾತ್ರೆ ಹೆಚ್ಚು ಎಣಿಸುತ್ತಿದೆ ಸಾರ್ ಎಂದಳು. ನೋಡಿದೆ. ಅದು ಶಿಥಿಲದ್ವಿತ್ವ. ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳು ಸಡಿಲವಾಗಿ ಉಚ್ಚಾರವಾಗುವುದರಿಂದ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಕೇಶಿರಾಜ 13ನೆಯ ಶತಮಾನದಲ್ಲಿ ಅದನ್ನು ಸೂತ್ರಕ್ಕೆ ತಂದ. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದನ್ನು ಬರಿಯ ಕಣ್ಣು ಹೇಳಲಾರದು. ಪದ್ಯವನ್ನು ಬಾಯಿಬಿಟ್ಟು ಓದಿ ಕಿವಿಯಿಂದ ತಿಳಿಯಬೇಕು. ಯಂತ್ರಕ್ಕೆ ಇದನ್ನು ಹೇಗೆ ಕಲಿಸುವುದೆಂದು ಅಳಿಯನಿಗೆ ಬರೆದಿದ್ದೇನೆ. ಹುಡುಗಿಗೆ ಪುಸ್ತಕವನ್ನೂ ಪೆನ್ನನ್ನೂ ಕೊಟ್ಟೆ. ಆಕೆ ಮೂರನೆಯ ಕಾಲಮಿನಲ್ಲಿ ತನ್ನ ಹೆಸರನ್ನು ದುಂಡಗೆ ಬರೆದು, ಕೆಳಗೆ ಊರಿನ ಹೆಸರನ್ನೂ ಸೇರಿಸಿದಳು.